ಮರಸೌತೆ ಕಾಯಿಗೆ ಮಗನ ಹೆಸರು

ಮಾರ್ಚ್ 3, ಭಾನುವಾರ

ಜೊಂಡಿನೊಳಗೆ ದಾರಿ ಕಡಿಸುವ ಕೆಲಸ ಇವತ್ತಿಗೆ ಮುಗಿಯಿತು. ಒಟ್ಟು ತಗಲಿದ್ದು: ಆಳು ಆರು, ದಿನ ಮೂರು. ಮಚ್ಚು ನಾಲ್ಕು — ಅದರಲ್ಲಿ ಒಂದು ಕೆಸರಿನ ಪಾಲು. ಹೋತ ಒಂದು. ನಾಟಿ ಸಾರಾಯಿ ಎರಡು ಕ್ಯಾನು. ಅರ್ಧ ಕೆಲಸಕ್ಕೆ ಮೊದಲು, ಅರ್ಧ ಆಮೇಲೆ ಎಂದು ಮಾತಾಗಿತ್ತು. ಆಮೇಲಿನದೂ ಮೊದಲೇ ಖಾಲಿ. ನಮ್ಮ ದೋಣಿಯ ಆಳು ರಬೂರನ ಕಾಲಿಗೆ ಜಿಗಣೆ ಹನ್ನೊಂದು. ಅವನು ಹೇಳಿದ್ದು ಹನ್ನೊಂದು, ನಾನು ಏಳು ಎಂದು ಹಿಡಿಯುತ್ತೇನೆ. ಒಗ್ವೆನೊ ಭಾವನ ಜೊತೆ ಜಗಳ ಒಂದು. ದುಡ್ಡಿನ ಲೆಕ್ಕ ಇನ್ನೊಂದು ಪುಸ್ತಕದಲ್ಲಿದೆ, ಅದನ್ನು ಇಲ್ಲಿಗೆ ತರುವುದಿಲ್ಲ.

ಬಂದದ್ದು: ದಿನಕ್ಕೆ ಐವತ್ತು ನಿಮಿಷ.

ಸರೋವರದ ದಡದ ತುಂಬ ಅಂತರಗಂಗೆ, ತೇಲುವ ಕಳೆ. ಪಡುವಣ ಗಾಳಿ ಬೀಸಿದಷ್ಟೂ ಬಂದು ತುಂಬುತ್ತದೆ. ದೂರದಿಂದ ಹಸಿರು ಹೊಲ, ಮೇಲೆ ನೀಲಿ ಹೂವು ಬೇರೆ. ಅದನ್ನು ಸೀಳಿಕೊಂಡು ದೋಣಿ ದಡ ಮುಟ್ಟುವುದಕ್ಕೆ ಒಂದು ಗಂಟೆ. ಅಷ್ಟರಲ್ಲಿ ಐಸ್ ಲಾರಿ ತುಂಬಿ ಹೊರಟಿರುತ್ತದೆ. ಉಳಿದ ಮೀನಿಗೆ ಹೊಗೆ ಹಾಕಬೇಕು, ಇಲ್ಲವೇ ಬೋಳುತಲೆ ಕೊಕ್ಕರೆಗಳಿಗೆ ಹಾಕಬೇಕು. ಅವು ಈಗಲೂ ನನ್ನ ಮೀನಿನ ಅಟ್ಟಣೆಯ ಪಕ್ಕ ಸಾಲಾಗಿ ನಿಂತಿವೆ, ಮದುವೆ ಊಟಕ್ಕೆ ಕಾದ ಮುದುಕರ ಹಾಗೆ.

ಹೊಸ ದಾರಿ ಜೊಂಡಿನ ನಡುವೆ, ಹತ್ತು ನಿಮಿಷದಲ್ಲಿ ನೇರ ನನ್ನ ಅಟ್ಟಣೆಯ ಹಿಂದಕ್ಕೇ ಬರುತ್ತದೆ.

ಭಾವ ಬೆಳಿಗ್ಗೆ ಕೋಲೂರಿಕೊಂಡು ಬಂದರು. ನನ್ನ ಗಂಡನ ಅಣ್ಣ, ದಡಕ್ಕೆಲ್ಲ ಹಿರಿಯರು.

"ಅಜ್ವಾಂಗ್, ಅದು ಅವಳ ಬಾಗಿಲು. ಮೇಯೋಕೆ ಹೋಗಿ ಬರೋ ಬಾಗಿಲು. ಈ ವರ್ಷ ಮರಿ ಬೇರೆ ಇದೆ."

ಅವಳು ಎಂದರೆ ನೀರಾನೆ. ಜೊಂಡಿನ ಆಚೆ ಮಡುವಿನಲ್ಲಿ ಇರುವವಳು. ನಾನು ಮದುವೆಯಾಗಿ ಬಂದಾಗ ಇವಳ ಅಜ್ಜಿ ಇದ್ದಳಂತೆ.

"ಭಾವ, ಅವಳಿಗೇನು ಲಾರಿ ಹಿಡಿಯೋದಿದೆಯಾ? ನನಗಿದೆ. ಸ್ವಲ್ಪ ಆಚೀಚೆ ಮಾಡ್ಕೊಳ್ಳಲಿ ಬಿಡಿ."

ಆಳುಗಳೆಲ್ಲ ನಕ್ಕರು. ಭಾವ ನಗಲಿಲ್ಲ. "ಬಾಗಿಲಲ್ಲಿ ನಿಂತವರನ್ನ ಯಾರೂ ಸುಮ್ನೆ ಬಿಡಲ್ಲ" ಎಂದು ಕೋಲು ಹಿಂದಕ್ಕೆ ತಿರುಗಿಸಿದರು.

ಹದಿನೇಳು ವರ್ಷ ಬೇರೆಯವರ ದೋಣಿಯ ಮುಂದೆ ಬುಟ್ಟಿ ಹಿಡಿದು ನಿಂತವಳು ನಾನು. ಮೀನು ಕೊಡುವುದಕ್ಕೆ ದೋಣಿಯವರು ಇನ್ನೇನೇನು ಕೇಳುತ್ತಿದ್ದರು ಎನ್ನುವುದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಈಗ ಸ್ವಂತ ದೋಣಿ. ನಡೆಸುವವನು ಸ್ವಂತ ಮಗ. ಐವತ್ತು ನಿಮಿಷವನ್ನು ಬಾಗಿಲು ಕಿಟಕಿ ಎಂದು ಬಿಟ್ಟುಕೊಡಲಾರೆ.

ಮಾರ್ಚ್ 5, ಮಂಗಳವಾರ

ಹೊಸ ದಾರಿಯಲ್ಲಿ ಮೊದಲ ದೋಣಿ. 6.10ಕ್ಕೆ ಅಟ್ಟಣೆಯ ಹಿಂದೆ ಮಗ ಒಬಿಲೊ ಸಿಳ್ಳೆ ಹಾಕಿದ. ಹನ್ನೆರಡು ಎಂಬೂಟ ಮೀನು, ಅದರಲ್ಲಿ ಎರಡು ಮಗುವಿನ ಗಾತ್ರದವು. ಲಾರಿಗೆ ಮೊದಲ ಬುಟ್ಟಿ ನಮ್ಮದು.

ಅವಿನೊ ದೂರದಿಂದ ನೋಡುತ್ತಿದ್ದಳು. ನನ್ನ ಪಕ್ಕದ ಅಟ್ಟಣೆಯವಳು, ಇಪ್ಪತ್ತು ವರ್ಷದ ಪೈಪೋಟಿ.

"ಏನೇ, ರಾಣಿಯರಿಗೆ ಹಿತ್ತಲ ಬಾಗಿಲೂ ಆಯ್ತಾ?"

"ಮುಂಬಾಗಿಲಲ್ಲಿ ನೀನು ನಿಂತಿರ್ತೀಯಲ್ಲ, ಜಾಗ ಎಲ್ಲಿ ಸಾಲುತ್ತೆ?"

ಒಬಿಲೊ ಚಳಿಗೆ ಅದೇ ಹಳೆಯ ಬೂದು ಸ್ವೆಟರ್ ಹಾಕಿಕೊಂಡಿದ್ದ. ಸಂತೆಯಲ್ಲಿ ಕೊಂಡಾಗ ನಾಲ್ಕು ಬಟನ್ ಇತ್ತು, ಈಗ ಮೂರು. ನಾಲ್ಕನೆಯದಕ್ಕೆ ನನ್ನ ಹಳೇ ಗೌನಿನ ಕೆಂಪು ಬಟನ್ ಹೊಲಿದುಕೊಟ್ಟೆ. ಅವನ ಹೆಂಡತಿ ಅಮೊಂಡಿ ನಕ್ಕಳು — "ಅತ್ತೆ, ನಿಮ್ಮ ಮಗ ಕೋಳಿಹುಂಜದ ಹಾಗೆ ಕಾಣ್ತಾನೆ." ಅವನು ಕೂಗಿಯೂ ತೋರಿಸಿದ. ಇಪ್ಪತ್ತೊಂಬತ್ತು ವರ್ಷದ ಗಂಡಸು.

ಮಾರ್ಚ್ 8, ಶುಕ್ರವಾರ

ಬಿಸಿಲು. ಹುಳದ ಮೋಡ ನೀರಿನ ಮೇಲೆ ಹೊಗೆಯ ಹಾಗೆ ಎದ್ದಿದೆ. ಅಕೂಮು ಬಾಯಿ ತೆರೆದು ಓಡಿ ನಾಲ್ಕೈದು ನುಂಗಿದಳು. ನಾಲ್ಕು ವರ್ಷದ ಮೊಮ್ಮಗಳಿಗೆ ಯಾರು ಬುದ್ಧಿ ಹೇಳಬೇಕು.

ಒಬಿಲೊ ಬಲೆ ಬಿಡಿಸುತ್ತ ಹೇಳಿದ: "ಅಮ್ಮಾ, ನೀನು ಕಡಿಸಿದ ದಾರೀಲಿ ಅವಳೂ ಓಡಾಡ್ತಾ ಇದಾಳೆ. ದಾರಿ ಚೆನ್ನಾಗಿದೆ ಅಂತ ಅವಳಿಗೂ ಗೊತ್ತಾಗಿದೆ."

"ಎಷ್ಟು ಹೊತ್ತಿಗೆ?"

"ಮೇದು ವಾಪಸ್ ಬರೋ ಹೊತ್ತು. ಬೆಳಕು ಹರಿಯೋಕೆ ಸ್ವಲ್ಪ ಮುಂಚೆ. ನಾವು ಬರೋ ಹೊತ್ತಿಗೆ ನೀರು ಇನ್ನೂ ಕಲಕಿರುತ್ತೆ."

ಲೆಕ್ಕ ಹಾಕಿದೆ. ಅವಳು ಮಡು ಸೇರುವುದು ಸುಮಾರು ಐದೂಮುಕ್ಕಾಲಿಗೆ. ನಮ್ಮ ದೋಣಿ ದಾರಿಯ ಬಾಯಿಗೆ ಬರುವುದು ಆರಕ್ಕೆ. ನಡುವೆ ಹದಿನೈದು ನಿಮಿಷ. ಸಾಕು. ತಗಡಿನ ಡಬ್ಬಿ ಬಡಿಯುತ್ತಾ ಬಾ ಎಂದೆ.

"ಅವಳ ಕೈಗೆ ಗಡಿಯಾರ ಕಟ್ಟಿಬಂದಿದೀಯಾ?"

"ನಿನ್ನ ಕೈಗೆ ಕಟ್ಟಿದೀನಲ್ಲ, ಅದನ್ನ ನೋಡ್ಕೊಂಡು ಬಾ."

ಮಾರ್ಚ್ 11, ಸೋಮವಾರ

ಲಾರಿಯವನು ನಾಳೆಯಿಂದ ಬೇಗ ಹೊರಡುತ್ತಾನಂತೆ. ಪೇಟೆಯ ರಸ್ತೆ ಅಗೆದಿದ್ದಾರೆ, ಸುತ್ತುಬಳಸಿ ಹೋಗಬೇಕು.

ಒಬಿಲೊಗೆ ಹೇಳಿದ್ದೇನೆ, ಕಾಲು ಗಂಟೆ ಮುಂಚೆ ಬಾ ಎಂದು.

ಮಾರ್ಚ್ 12, ಮಂಗಳವಾರ. ಬೆಳಿಗ್ಗೆ 6.40

ದೋಣಿ ಇಲ್ಲ. ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಒಬಿಲೊಗೆಂದು ಮಾಡಿದ ಚಹಾ ಎರಡು ಸಲ ಬಿಸಿ ಮಾಡಿದೆ. ಇಷ್ಟು ತಡ ಮಾಡುವ ಹುಡುಗನಲ್ಲ. ಬರಲಿ, ಇವತ್ತು ಅವನಿಗೆ

ಮಾರ್ಚ್ 14, ಗುರುವಾರ

ಎರಡು ದಿನದ ಮೇಲೆ ಪುಸ್ತಕ ತೆರೆದಿದ್ದೇನೆ.

ರಬೂರ ಹೇಳಿದ್ದು: ಜೊಂಡಿನ ದಾರಿಯ ಬಾಯಲ್ಲಿ ಮಂಜು. ಒಬಿಲೊ ಮುಂದೆ ನಿಂತು ಡಬ್ಬಿ ಬಡಿಯುತ್ತಿದ್ದ. ಮೊದಲು ಮರಿ ಕಂಡಿತು, ದೋಣಿಯ ಎಡಕ್ಕೆ. ಬಲಕ್ಕೆ ತಾಯಿ. ದೋಣಿ ಎರಡರ ನಡುವೆ. "ಹಿಂದಕ್ಕೆ, ಹಿಂದಕ್ಕೆ" ಎಂದು ಒಬಿಲೊ ಕೂಗಿದ. ಹಿಂದಕ್ಕೆ ತಿರುಗಲು ಆ ದಾರಿಯಲ್ಲಿ ಜಾಗವೆಲ್ಲಿ? ಒಂದು ದೋಣಿಯ ಅಗಲಕ್ಕೆ ಕಡಿಸಿದ್ದು. ಇನ್ನೂ ಅಗಲ ಎಂದರೆ ಇನ್ನೆರಡು ದಿನ ಬೇಕಿತ್ತು.

ಒಂದೇ ಸಲ ಎತ್ತಿ ಹಾಕಿದಳಂತೆ. ರಬೂರ ಜೊಂಡು ಹಿಡಿದುಕೊಂಡ. ತೊಡೆ ಸೀಳಿದೆ, ಬದುಕುತ್ತಾನೆ. ಒಬಿಲೊ ಅಂತರಗಂಗೆಯ ಕೆಳಗೆ ಹೋದ. ಮೇಲೆ ಬರಲಿಲ್ಲ.

ದೋಣಿ ಎರಡು ತುಂಡಾಗಿ ಸಿಕ್ಕಿತು. ಡಬ್ಬಿ ಸಿಕ್ಕಿತು. ಅವನು ಸಿಗಲಿಲ್ಲ.

ದಡದಲ್ಲಿ ನಲವತ್ತೊಂದು ದೋಣಿ ಬೋರಲು ಬಿದ್ದಿವೆ. ನೀರು ತೆಗೆದುಕೊಂಡವನನ್ನು ನೀರು ವಾಪಸು ಕೊಡುವ ತನಕ ಯಾರೂ ಬಲೆ ಬಿಡುವಂತಿಲ್ಲ. ನನ್ನ ಮಾವ ಮುಳುಗಿದಾಗಲೂ ಹೀಗೇ ನಿಲ್ಲಿಸಿದ್ದರು. ಅವರು ಎರಡನೇ ದಿನಕ್ಕೇ ಬಂದರು.

ಮಾರ್ಚ್ 15, ಶುಕ್ರವಾರ

ಹುಡುಕಿದವರು: ಬೆಳಿಗ್ಗೆ ಅರವತ್ತು ಜನ, ಸಂಜೆ ಐವತ್ತೆರಡು. ಉದ್ದನೆಯ ಕೋಲಿನಿಂದ ಅಂತರಗಂಗೆ ಎತ್ತಿ ಎತ್ತಿ ನೋಡುತ್ತಾರೆ. ಅಮೊಂಡಿ ದಡದಲ್ಲಿ ಕೂತು ಹೆಸರು ಹಿಡಿದು ಕರೆಯುತ್ತಾಳೆ. "ಒಬಿಲೊ, ಬಾ. ಮುದ್ದೆ ಆರ್ತಾ ಇದೆ ಬಾ." ನಾನೂ ಕರೆದೆ. ಹದಿನೇಳು ವರ್ಷ ಮೀನು ಕೂಗಿ ಮಾರಿದ ಗಂಟಲು, ಎರಡು ಕೂಗಿಗೆ ಬಿದ್ದುಹೋಯಿತು.

ಹುಡುಗರು ನೀರಾನೆಯನ್ನು ಕೊಲ್ಲಿಸಬೇಕು ಎಂದು ಹೊರಟರು. ಬಂದೂಕಿನವರನ್ನು ಕರೆಸುತ್ತಾರಂತೆ. "ಅಕ್ಕಾ, ನೀವು ಒಂದು ಮಾತು ಹೇಳಿ ಸಾಕು."

ಬೇಡ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅವಳು ತನ್ನ ಬಾಗಿಲಲ್ಲಿ ತನ್ನ ಮರಿಯ ಪಕ್ಕ ನಿಂತಿದ್ದಳು. ಆ ಹೊತ್ತಿಗೆ ಅಲ್ಲಿಗೆ ನನ್ನ ಮರಿಯನ್ನು ಕಳಿಸಿದವಳು ನಾನು. ಕಾಲು ಗಂಟೆ ಮುಂಚೆ ಬಾ ಎಂದು.

ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಮಾರ್ಚ್ 16, ಶನಿವಾರ

ಐದನೇ ದಿನ. ಹುಡುಕಿದವರು ಮೂವತ್ತು.

ದಡ ಇಷ್ಟು ನಿಶ್ಶಬ್ದ ಇದ್ದದ್ದು ನೋಡಿಲ್ಲ. ಕೊಕ್ಕರೆಗಳೂ ಎದ್ದು ಹೋಗಿವೆ, ತಿನ್ನಲು ಏನೂ ಇಲ್ಲ. ಬಿಳಿತಲೆಯ ಹದ್ದು ಮಾತ್ರ ಎಂದಿನಂತೆ ಮೀನು ಹಿಡಿಯುತ್ತಿದೆ. ಅದಕ್ಕೆ ನಮ್ಮ ಕಟ್ಟಳೆ ಇಲ್ಲ.

ಅವಿನೊ ಬಂದಳು. ಒಂದು ಬೊಗಸೆ ಒಣ ಒಮೇನಾ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅಮೊಂಡಿಯ ಮಡಿಲಿಗೆ ಸುರಿದಳು. ಬೆರಳುದ್ದದ ಮೀನು, ಅದೂ ತಳದ ಪುಡಿ. ಅವಳ ಮನೆಯಲ್ಲಿ ಕೊನೆಯದು ಅದೇ ಎಂದು ನೋಡಿದರೆ ಗೊತ್ತಾಗುತ್ತಿತ್ತು.

"ನಿನ್ನ ಮೊಮ್ಮಕ್ಕಳಿಗೆ?" ಎಂದೆ.

"ಅವಕ್ಕೆ ಸೊಪ್ಪಿದೆ. ಮೂರು ದಿನದಿಂದ ಸೊಪ್ಪು. ಮೇಕೆಗಳ ಹಾಗೆ ಆಗಿದಾವೆ" ಎಂದು ನಗಲು ನೋಡಿದಳು. ಆಮೇಲೆ ನನ್ನ ಪಕ್ಕ ಕೂತು ಅತ್ತಳು. ಇಪ್ಪತ್ತು ವರ್ಷದಲ್ಲಿ ನಾವು ಪಕ್ಕ ಪಕ್ಕ ಕೂತಿದ್ದು ಮೊದಲ ಸಲ.

ಮಾರ್ಚ್ 17, ಭಾನುವಾರ

ಭಾವ ಬಂದರು. ಹಿಂದೆ ದಡದ ಕಮಿಟಿಯ ಇಬ್ಬರು. ವಿಷಯ ಮೊದಲೇ ಗೊತ್ತಿತ್ತು.

"ಯಾಗೊ ಮರ ಕಾಯಿ ಬಿಟ್ಟಿದೆ" ಎಂದರು.

ನಮ್ಮಲ್ಲಿ ದೇಹ ಸಿಗದವನಿಗೆ ಯಾಗೊ ಕಾಯಿ ಹೂಳುತ್ತಾರೆ. ಮರದಿಂದ ಹಗ್ಗದಲ್ಲಿ ಇಳಿಬಿಟ್ಟಂತೆ ತೂಗುವ ಮರಸೌತೆ, ಮೊಳಕೈಯಷ್ಟು ಉದ್ದ. ಅದಕ್ಕೆ ಸತ್ತವನ ಹೆಸರಿಟ್ಟು, ಬಟ್ಟೆ ಸುತ್ತಿ, ಎಲ್ಲ ಶಾಸ್ತ್ರ ಮಾಡಿ ಹೂಳಿದರೆ ಅವನು ಮನೆಗೆ ಬಂದ ಹಾಗೆ. ಹುಡುಕುವುದು ಮುಗಿದ ಹಾಗೆ. ಬಲೆ ಬಿಡಬಹುದು.

"ನನ್ನ ಮಗನಿಗೆ ಬದಲು ತರಕಾರಿಯಾ ಭಾವ?"

"ಅಜ್ವಾಂಗ್, ನಲವತ್ತೊಂದು ದೋಣಿ. ಒಂದೊಂದು ದೋಣಿಗೆ ಎಷ್ಟು ಬಾಯಿ, ನೀನೇ ಲೆಕ್ಕ ಹಾಕು. ಲೆಕ್ಕ ನನಗಿಂತ ನಿನಗೆ ಚೆನ್ನಾಗಿ ಬರುತ್ತೆ."

"ಹತ್ತು ದಿನ ಕೊಡಿ."

"ಹತ್ತು? ಮಕ್ಕಳು ಸತ್ತೇ ಹೋಗ್ತಾವೆ. ನಾಳೆ ಮಾಡೋಣ."

"ಏಳು."

"ಎರಡು."

"ಗಾಳಿ ತಿರುಗಿದ್ರೆ ಅಂತರಗಂಗೆ ಹೋಗುತ್ತೆ. ಕೆಳಗಡೆ ಇದ್ದವನು ಸಿಗ್ತಾನೆ. ಐದು ದಿನ. ಐದಾದ್ರೂ ಕೊಡಿ."

"ಗಾಳಿ ಯಾವಾಗ ತಿರುಗುತ್ತೆ ಅಂತ ನಿನಗೆ ಗೊತ್ತಾ?"

ಗೊತ್ತಿರಲಿಲ್ಲ.

ಮೂರಕ್ಕೆ ಕುದುರಿತು. ಕುದುರಿದ ಮೇಲೆ ಅಭ್ಯಾಸಬಲದಿಂದ ಕೈ ಮುಂದೆ ಚಾಚಿದೆ. ಭಾವ ಆ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಮಾರ್ಚ್ 19, ಮಂಗಳವಾರ

ಗಾಳಿ ತಿರುಗಿಲ್ಲ.

ಮಾರ್ಚ್ 20, ಬುಧವಾರ

ರಬೂರ ಕುಂಟಿಕೊಂಡೇ ಹೋಗಿ ಕಾಯಿ ಇಳಿಸಿದ. ಬೇರೆ ಯಾರಿಗೂ ಬಿಡಲಿಲ್ಲ. ಮೂರು ಕಾಯಿ ತಂದಿದ್ದ. ಯಾವುದು ಎಂದು ಅಮೊಂಡಿಯನ್ನು ಕೇಳಿದರು. ಅವಳು ಸ್ವಲ್ಪ ಸೊಟ್ಟಗಿದ್ದ ಒಂದನ್ನು ಮುಟ್ಟಿದಳು. "ಅವನು ಮಲಗೋದು ಹಿಂಗೇ" ಎಂದಳು.

ನನ್ನ ತೋಳಿಗೆ ಕೊಟ್ಟರು. ಈ ತೋಳು ತಕ್ಕಡಿ ಇಲ್ಲದೆ ತೂಕ ಹೇಳುತ್ತದೆ. ಆರು ಕಿಲೋ, ಸ್ವಲ್ಪ ಮೇಲೆ. ನಾಲ್ಕು ತಿಂಗಳ ಮಗುವಾಗಿದ್ದಾಗ ಅಷ್ಟಿದ್ದ. ಅವತ್ತು ದವಾಖಾನೆಯ ತಕ್ಕಡಿಯಲ್ಲಿ ಹಾಕಿದಾಗ ನರ್ಸಿಗೆ ನಾನೇ ಮೊದಲು ಹೇಳಿದ್ದೆ, ಆರು ಎಂದು. ಅವಳು ಮುಳ್ಳು ನೋಡಿ ಬೆರಗಾಗಿದ್ದಳು.

ಬಿಳಿ ಬಟ್ಟೆ ಸುತ್ತಿದರು. ಅವನ ಚರ್ಚಿನ ಅಂಗಿ ಮೇಲೆ ಹೊದಿಸಿದರು, ತೋಳು ಮಡಿಸಿ. ಕುಣಿ ಅವನ ಮನೆಯ ಬಲಗಡೆ, ಗಂಡಸಿನ ಪೂರ್ತಿ ಅಳತೆಗೆ ತೋಡಿದ್ದರು. ಅಷ್ಟು ದೊಡ್ಡ ಕುಣಿಯಲ್ಲಿ ಅಷ್ಟು ಚಿಕ್ಕದು. ಮಣ್ಣು ಹಾಕಿದಾಗ ಬೇರೆ ಥರ ಸದ್ದು ಬಂತು.

ಇನ್ನೂರು ಜನ ಅತ್ತರು. ಅಮೊಂಡಿ ಅವನ ಕೋಟು ಹಾಕಿಕೊಂಡಿದ್ದಳು, ಹೆಂಡತಿ ಹಾಕಬೇಕಾದ ಹಾಗೆ. ತೋಳು ಉದ್ದವಾಗಿ ಬೆರಳು ಕಾಣುತ್ತಿರಲಿಲ್ಲ. ಅಂಗಳದಲ್ಲಿ ಬೆಂಕಿ ಹೊತ್ತಿಸಿದರು. ಗಂಡಸಿಗೆ ನಾಲ್ಕು ದಿನ ಉರಿಯಬೇಕು.

ಅಕೂಮು ನನ್ನ ಸೊಂಟಕ್ಕೆ ಸುತ್ತಿದ ಲೆಸೊ ಬಟ್ಟೆ ಹಿಡಿದು ಎಳೆದು ಕೇಳಿದಳು: "ಅಜ್ಜಿ, ಅಪ್ಪ ಮೊಳಕೆ ಒಡೀತಾನಾ?"



ಮಾರ್ಚ್ 21, ಗುರುವಾರ

ನಲವತ್ತೊಂದು ದೋಣಿ ನೀರಿಗೆ ಇಳಿದವು.

ಒಂಬತ್ತು ದಿನ ಬಲೆ ಬೀಳದ ನೀರು. ಮೀನು ದಪ್ಪ, ಬುಟ್ಟಿ ತುಂಬ. ಜನ ನಗುತ್ತಿದ್ದರು; ನನ್ನ ಅಟ್ಟಣೆಯ ಮುಂದೆ ಬಂದಾಗ ನಗು ನುಂಗಿ ತಲೆ ತಗ್ಗಿಸಿ ದಾಟುತ್ತಿದ್ದರು. ದಾಟಿದ ಮೇಲೆ ಮತ್ತೆ ನಗು. ತಪ್ಪೇನಿಲ್ಲ. ಹೊಟ್ಟೆ ತುಂಬಿದರೆ ಬಾಯಿ ತಾನೇ ಅರಳುತ್ತದೆ.

ಅವಿನೊ ಮೊದಲ ಬುಟ್ಟಿಯಿಂದ ದೊಡ್ಡದೊಂದು ಎಂಬೂಟ ತಂದು ನನ್ನ ಬಾಗಿಲಲ್ಲಿಟ್ಟು ಹೋದಳು. ಬೈಯದೆ ಹೋದಳು. ಅದೇ ಸಹಿಸಲಾಗಲಿಲ್ಲ.

ಮಾರ್ಚ್ 24, ಭಾನುವಾರ

ಬೆಂಕಿ ಆರಿಸಿದರು. ಅಮೊಂಡಿಗೆ, ನನಗೆ ತಲೆ ಬೋಳಿಸಿದರು. "ಅತ್ತೆ, ನಿಮ್ಮ ತಲೆ ಇಷ್ಟು ಸಣ್ಣದಾ!" ಎಂದಳು ಅಮೊಂಡಿ. ಹನ್ನೆರಡು ದಿನದಲ್ಲಿ ಅವಳು ನನ್ನ ಜೊತೆ ಬಾಯಿ ತೆರೆದಿದ್ದು ಇದಕ್ಕೇ ಮೊದಲು. ಇಬ್ಬರೂ ನಕ್ಕೆವು. ನಿಲ್ಲಿಸಲು ಕಷ್ಟವಾಯಿತು.

ದಿನಾ ಬೆಳಿಗ್ಗೆ ಎದ್ದವಳೇ ಗೋರಿ ಗುಡಿಸುತ್ತಾಳೆ. ನೀರು ಚಿಮುಕಿಸಿ, ಎಲೆ ಆರಿಸಿ, ಎರಡು ಮಾತಾಡಿ ಬರುತ್ತಾಳೆ. ಏನು ಮಾತು ಎಂದು ಕೇಳಿಲ್ಲ. ಅವಳಿಗೆ ಮಾತಾಡಲು ಒಂದು ಜಾಗ ಸಿಕ್ಕಿದೆ. ಭಾವ ಹೇಳಿದ್ದು ಸರಿಯಿತ್ತು ಅನ್ನಿಸುತ್ತದೆ.

ನಾನು ಆ ಕಡೆ ಹೋಗುವುದಿಲ್ಲ. ಆರು ಕಿಲೋ ಎಂದು ನನ್ನ ತೋಳಿಗೆ ಗೊತ್ತು.

ಮಾರ್ಚ್ 26, ಮಂಗಳವಾರ

ಗಾಳಿ ತಿರುಗಿತು.

ಬೆಳಗಾಗುವಷ್ಟರಲ್ಲಿ ದಡ ಖಾಲಿ. ಒಂದು ಎಲೆ ಇಲ್ಲ. ಅಷ್ಟೂ ಅಂತರಗಂಗೆ ರಾತ್ರೋರಾತ್ರಿ ಎದ್ದು ದ್ವೀಪಗಳ ಕಡೆ ಹೋಗಿದೆ. ದೋಣಿಗಳು ನೇರ ಬಂದು ದಡಕ್ಕೆ ಮೂಗು ತಾಗಿಸುತ್ತಿವೆ. ಜೊಂಡಿನ ದಾರಿ ಈಗ ಯಾರಿಗೂ ಬೇಡ.

ಮಧ್ಯಾಹ್ನ ರಬೂರ ಫೋನು ಹಿಡಿದು ಬಂದ. ಮುಖ ನೋಡಿಯೇ ತಿಳಿಯಿತು. ಆಚೆ ದ್ವೀಪದ ದಡದಲ್ಲಿ ಅಂತರಗಂಗೆಯ ಜೊತೆ ಒಬ್ಬ ಬಂದಿದ್ದಾನಂತೆ. ಗಂಡಸು. ಹೆಣ ಹದಿನೈದು ದಿನದ ಹಳೆಯದು. ಯಾರ ಕಡೆಯವನು ಎಂದು ಎಲ್ಲ ದಡಕ್ಕೂ ಕೇಳುತ್ತಿದ್ದಾರೆ.

ಹದಿನೇಳರಂದು ಹತ್ತು ದಿನ ಕೇಳಿದ್ದೆ. ಇವತ್ತು ಒಂಬತ್ತನೆಯದು.

ಮಾರ್ಚ್ 27, ಬುಧವಾರ. ಸಂಜೆ

ಎಲ್ಲ ಕ್ರಮವಾಗಿ ಬರೆಯಬೇಕು. ಬೇರೆಲ್ಲೂ ಹೇಳುವಂತಿಲ್ಲ.

ಭಾವ ನಾನು ಇಬ್ಬರೇ ಹೋದೆವು, ಎಂಜಿನ್ ದೋಣಿಯಲ್ಲಿ. ಅಮೊಂಡಿಗೆ ಬಲೆ ನೋಡಲು ಹೋಗುತ್ತೇವೆ ಎಂದಿದ್ದೆ. ಎರಡು ಗಂಟೆಯ ದಾರಿ. ಅರ್ಧದಲ್ಲಿ ಭಾವ ಎಂಜಿನ್ ನಿಲ್ಲಿಸಿದರು.

"ನೋಡು. ನೋಡಬೇಡ ಅನ್ನಲ್ಲ. ಆದ್ರೆ ನಮ್ಮವನು ಅಂತ ಬಾಯಿ ಬಿಡಬೇಡ."

ಯಾಕೆ ಎಂದೆ.

"ಒಬಿಲೊ ಮನೆಯಲ್ಲಿ ಮಲಗಿದಾನೆ. ಹೆಸರಿಟ್ಟು ಹೂಳಿದೀವಿ. ಒಬ್ಬನಿಗೆ ಎರಡು ಕುಣಿ ಆದ್ರೆ ಒಂದು ಖಾಲಿ ಅಂತ ಆಗುತ್ತೆ. ಖಾಲಿ ಕುಣಿ ಆ ಮನೆಯವರನ್ನೇ ಕೇಳುತ್ತೆ. ಮನೇಲಿ ಯಾರಿದಾರೆ, ನೀನೇ ಯೋಚನೆ ಮಾಡು."

ಮನೆಯಲ್ಲಿ ಅಕೂಮು ಇದ್ದಾಳೆ.

"ಮೂರು ದಿನಕ್ಕೆ ಇಳಿಸಿದ್ದು ನೀವು" ಎಂದೆ.

"ಹೌದು. ಅದನ್ನ ನಾನು ಹೊತ್ಕೊಂಡು ಹೋಗ್ತೀನಿ. ನಿನಗೆ ಕೊಡಲ್ಲ." ಮತ್ತೆ ಎಂಜಿನ್ ಕಡೆ ಬಗ್ಗಿದರು. ಎಂಜಿನ್ನಿನ ಹಗ್ಗ ಎಳೆಯಲು ಮೂರು ಸಲ ಬೇಕಾಯಿತು.

ನಾನು ಇದನ್ನೆಲ್ಲ ನಂಬುತ್ತೇನೆಯೇ? ಗೊತ್ತಿಲ್ಲ. ಇವರ ಒಂದು ಮಾತನ್ನು ಆರು ಜನರ ಮುಂದೆ ತಮಾಷೆ ಮಾಡಿ ನೋಡಿದ್ದೇನೆ. ಎರಡನೇ ಮಾತನ್ನು ಪಣಕ್ಕಿಡಲು ನನ್ನ ಹತ್ತಿರ ಉಳಿದಿರುವುದು ನಾಲ್ಕು ವರ್ಷದ ಒಂದು ಮಗು.

ದ್ವೀಪದ ದಡದಲ್ಲೂ ದೋಣಿಗಳು ಬೋರಲು ಬಿದ್ದಿದ್ದವು. ಹಳೇ ಹಾಯಿಬಟ್ಟೆ ಮುಚ್ಚಿ ಮರದ ನೆರಳಲ್ಲಿ ಇಟ್ಟಿದ್ದರು. ಅಲ್ಲಿಯ ಹಿರಿಯ, ಮಗಾಕ ಎಂದು ಹೆಸರು, ಮುಖ ತೆಗೆಯುವುದು ಬೇಡ ಎಂದು ಅವನೇ ಹೇಳಿದ. ಬಟ್ಟೆಯ ಅಂಚು ಮಾತ್ರ ಎತ್ತಿದ.

ಬೂದು ಸ್ವೆಟರ್. ಮೂರು ಬಟನ್ ಒಂದು ಥರ. ನಾಲ್ಕನೆಯದು ಕೆಂಪು.

ನನ್ನದೇ ಹೊಲಿಗೆ. ಅಡ್ಡ ಎರಡು, ಉದ್ದ ಎರಡು. ಹದಿನೈದು ದಿನ ನೀರಲ್ಲಿದ್ದರೂ ಬಿಟ್ಟಿರಲಿಲ್ಲ.

"ತಾಯಿ, ನಿಮ್ಮವನಾ?"

ಮೀನು ಹಳಸಿದೆ ಎಂದು ಗೊತ್ತಿದ್ದೂ ತಾಜಾ ಎಂದು ಹೇಳಿದ್ದೇನೆ. ತಾಜಾ ಮೀನನ್ನು ಹಳಸಿದೆ ಎಂದು ಕೊಂಡಿದ್ದೇನೆ. ಈ ದಡಗಳಲ್ಲಿ ನನ್ನ ಮುಖ ಓದಿದವರು ಯಾರೂ ಇಲ್ಲ.

"ನಮ್ಮವನಲ್ಲ" ಎಂದೆ.

ಮಗಾಕ ನನ್ನನ್ನು ನೋಡಿದ. ಆಮೇಲೆ ನನ್ನ ಬೋಳು ತಲೆ ನೋಡಿದ.

"ನಿಮ್ಮ ಕಡೆ ಯಾಗೊ ಹೂಳಿದ್ರು ಅಂತ ಕೇಳಿದ್ದೆ."

"ಹೂಳಿದೀವಿ."

"ಹಂಗಾದ್ರೆ ನಿಮ್ಮವನಲ್ಲ" ಎಂದ. ಮೆತ್ತಗೆ ಎಂದ. "ನಾವೇ ಮಣ್ಣು ಮಾಡ್ತೀವಿ. ನಮ್ಮ ಹುಡುಗರೂ ಬಲೆ ಬಿಡಬೇಕು. ಹೆಸರು ಗೊತ್ತಿಲ್ಲದವನಿಗೆ ಕರೆಯೋಕೆ ಏನಾದ್ರೂ ಬೇಕಲ್ಲ, ಏನಂತ ಕರೀಲಿ?"

ಭಾವ ಕೆಮ್ಮಿದರು. ನಾನು ತಲೆ ಅಲ್ಲಾಡಿಸಿದೆ.

"ಹೊದಿಸೋಕೆ ಏನಾದ್ರೂ ಇದ್ರೆ ಕೊಡಿ ತಾಯಿ. ಯಾರು ಬೇಕಾದ್ರೂ ಕೊಡಬಹುದು, ಅದಕ್ಕೆ ಕಟ್ಟಳೆ ಇಲ್ಲ."

ಸೊಂಟದ ಲೆಸೊ ಬಿಚ್ಚಿಕೊಟ್ಟೆ. ಹಳದಿ, ಅಂಚಿಗೆ ನೀಲಿ. ಎಳೆಯ ಮಗುವಾಗಿದ್ದಾಗ ಅವನನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದುದು ಅದರಲ್ಲೇ. ನಾನೇ ಹೊದಿಸಿದೆ. ಹೊದಿಸುವಾಗ ತೋಳಿನ ಕೆಳಗೆ ಕೈ ಹಾಕಿದೆ, ತೂಕ ನೋಡಲು. ಒಬ್ಬ ಗಂಡಸಿನ ತೂಕ.

ಕುಣಿ ಎಲ್ಲಿ ತೋಡುತ್ತೀರಿ ಎಂದು ಕೇಳಿದೆ. ಆ ಜೊಂಡಿನ ಹತ್ತಿರ ಎಂದರು. ಬೇಡ, ನೀರಾನೆ ಓಡಾಡುವ ಜಾಗದಿಂದ ದೂರ, ಮೇಲೆ ಮಾಡಿ ಎಂದೆ. "ಗುರುತಿಲ್ಲದವನಿಗೆ ಇಷ್ಟು ಚೌಕಾಸಿಯಾ?" ಎಂದು ಒಬ್ಬ ಹುಡುಗ ಗೊಣಗಿದ. ಮಗಾಕ ಅವನ ಬೆನ್ನಿಗೊಂದು ಕೊಟ್ಟ. "ಆ ತಾಯಿ ಹೇಳಿದ ಕಡೆ ತೋಡು."

ಮಣ್ಣು ಹಾಕುವ ತನಕ ನಿಲ್ಲಲಿಲ್ಲ. ನಿಂತರೆ ಕೂಗಿಬಿಡುತ್ತಿದ್ದೆ.

ಮಾರ್ಚ್ 28, ಗುರುವಾರ

ನಿನ್ನೆ ಮನೆಗೆ ಬಂದಾಗ ಅಮೊಂಡಿ ಬಾಗಿಲಲ್ಲಿದ್ದಳು. ರಬೂರ ಬಾಯಿ ಬಿಟ್ಟಿದ್ದಾನೆ.

"ಅತ್ತೆ, ಯಾರಂತೆ?"

"ಯಾರೋ. ನಮ್ಮವನಲ್ಲ."

"ದೇವರು ದೊಡ್ಡವನು" ಎಂದಳು. ಉಸಿರು ಬಿಟ್ಟಳು. ನೀರು ಕೊಟ್ಟಳು. ಕೊಡುವಾಗ ನನ್ನ ಸೊಂಟ ನೋಡಿದಳು.

"ಲೆಸೊ ಎಲ್ಲಿ?"

"ದೋಣಿಯಲ್ಲಿ ಗಾಳಿಗೆ ಹೋಯ್ತು."

 ಮುದ್ದೆ ಬಡಿಸಿದಳು, ಪಾತ್ರೆ ತೊಳೆದಳು.

ಇವತ್ತು ಬೆಳಿಗ್ಗೆ ಪೊರಕೆ ಗೋಡೆಗೆ ಒರಗಿಯೇ ಇತ್ತು. ಗೋರಿಯ ಮೇಲೆ ಎಲೆ ಬಿದ್ದಿತ್ತು, ಯಾರೂ ತೆಗೆಯಲಿಲ್ಲ. ಅಮೊಂಡಿ ಅಂಗಳದ ಕೊನೆಯಲ್ಲಿ, ನೀರಿನ ಕಡೆ ಮುಖ ಮಾಡಿ ಕೂತಿದ್ದಳು. ದ್ವೀಪದ ದಿಕ್ಕಿಗೆ.

ಪಕ್ಕದಲ್ಲಿ ಹೋಗಿ ಕೂತೆ. ಅವಳು ಸರಿದು ಜಾಗ ಕೊಟ್ಟಳು. ಮಾತಾಡಲಿಲ್ಲ. ಆಡಿದರೆ ಅಕೂಮುವಿಗೆ ಕೇಳಿಸುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ನಾನೇ ಎದ್ದು ಪೊರಕೆ ತೆಗೆದುಕೊಂಡೆ. ಗುಡಿಸಿದೆ. ಊರು ನೋಡುತ್ತಿರುತ್ತದೆ.

ಮಾರ್ಚ್ 31, ಭಾನುವಾರ

ಮಳೆ ಶುರುವಾಗುವ ವಾಸನೆ. ದಾರಿ ಕಡಿಸಿ ಇವತ್ತಿಗೆ ನಾಲ್ಕು ವಾರ. ಹೋಗಿ ನೋಡಿಬಂದೆ. ಜೊಂಡು ಆಗಲೇ ಮೊಣಕಾಲಿನ ತನಕ ಚಿಗುರಿದೆ. ಕೆಸರಿನಲ್ಲಿ ಹೆಜ್ಜೆ ಎರಡು ಜೊತೆ, ದೊಡ್ಡದು ಒಂದು, ಚಿಕ್ಕದು ಒಂದು.

ಯಾರಿಗೆ ಏನು ಬಂತು, ಬರೆದು ಮುಗಿಸುತ್ತೇನೆ.

ನೀರಾನೆಗೆ: ಅವಳ ಬಾಗಿಲು. ಮರಿಯೂ ಉಳಿಯಿತು.

ದಡಕ್ಕೆ: ಕೊಬ್ಬಿದ ಮೀನು, ಅಂತರಗಂಗೆ ಇಲ್ಲದ ನೀರು.

ಅವಿನೊಗೆ: ಲಾರಿಯ ಮೊದಲ ಬುಟ್ಟಿ. ಬೈಯಲು ಯಾರೂ ಇಲ್ಲ ಎಂದು ಬೇಸರ.

ರಬೂರನಿಗೆ: ಜೀವ, ಒಂದು ಕುಂಟು ಕಾಲು. ಜಿಗಣೆ ಹನ್ನೊಂದು ಎಂದಿದ್ದ, ಹನ್ನೊಂದು ಎಂದೇ ಇರಲಿ.

ಭಾವನಿಗೆ: ಎರಡು ಸಲವೂ ಅವರ ಮಾತೇ ನಡೆಯಿತು. ಅವತ್ತಿನಿಂದ ಊಟ ಸರಿಯಾಗಿ ಮಾಡುತ್ತಿಲ್ಲ.

ಅಮೊಂಡಿಗೆ: ಉದ್ದ ತೋಳಿನ ಕೋಟು. ಕೂರಲು ಅಂಗಳದ ಕೊನೆಯ ಕಲ್ಲು.

ಅಕೂಮುವಿಗೆ: ದಿನಾ ನೀರು ಹಾಕಿ ಮೊಳಕೆಗೆ ಕಾಯುವ ಕೆಲಸ.

ಕಾಯಿಗೆ: ನನ್ನ ಮಗನ ಹೆಸರು, ಚರ್ಚಿನ ಅಂಗಿ, ನಾಲ್ಕು ದಿನದ ಬೆಂಕಿ, ಇನ್ನೂರು ಜನರ ಅಳು.

ನನಗೆ: ದಿನಕ್ಕೆ ಐವತ್ತು ನಿಮಿಷದ ಹಾಗೆ, ಭಾನುವಾರ ಬಿಟ್ಟು ಆರು ದಿನ. ಐದು ಗಂಟೆ.

ಒಬಿಲೊಗೆ: ಹಳದಿ ಲೆಸೊ ಒಂದು. ಕೆಂಪು ಬಟನ್ ಒಂದು. ಮತ್ತೆ, ಹೆಸರಿಲ್ಲದ ಕುಣಿ ಒಂದು.